ಬಿಸಿಎ ಲ್ಯಾಬ್‌ನಲ್ಲಿ ಇನ್ನೂ ಟರ್ಬೊ ಸಿ: ಪಾರ್ಟ್ ಟೈಮ್ ಪಾಠ ಮಾಡುವವರು ಹೇಗೆ ನಿಭಾಯಿಸ್ತೀರಿ?

ಕದ್ರಿಯವ:

ನಾನು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಈ ಸೆಮಿಸ್ಟರ್‌ನಿಂದ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎಗೆ ಡೇಟಾ ಸ್ಟ್ರಕ್ಚರ್ಸ್ ತೆಗೆದುಕೊಳ್ಳುತ್ತಿದ್ದೇನೆ. ಶುಕ್ರವಾರ ಸಂಜೆ ಥಿಯರಿ, ಶನಿವಾರ ಬೆಳಿಗ್ಗೆ ಲ್ಯಾಬ್. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ನಲ್ಲಿ ಬಸ್ ಹತ್ತಿ ತೊಕ್ಕೊಟ್ಟು ದಾಟುವಷ್ಟರಲ್ಲಿ ಅವತ್ತಿನ ಪಾಠ ಒಂದು ಸಲ ಮನಸ್ಸಲ್ಲೇ ಮುಗಿದಿರುತ್ತದೆ. ಕ್ಲಾಸಿಗೆ ಹೋದ ಮೇಲೆ ಆಗುವುದೇ ಬೇರೆ.

ಮಕ್ಕಳು ಒಳ್ಳೆಯವರು, ಪಾಪ. ಆದರೆ ಪ್ರೋಗ್ರಾಂ ಪೂರ್ತಿ ಬಾಯಿಪಾಠ. ಲಿಂಕ್ಡ್ ಲಿಸ್ಟ್ (ಪ್ರತಿ ಮಾಹಿತಿಯೂ ಮುಂದಿನದು ಎಲ್ಲಿದೆ ಎಂದು ಹೇಳುವ ಸರಪಳಿ) ಪ್ರೋಗ್ರಾಂನಲ್ಲಿ ಮೆನು ಬರುತ್ತದಲ್ಲ, ಅಲ್ಲಿ ‘ಚಾಯ್ಸ್’ ಸ್ಪೆಲ್ಲಿಂಗ್ ತಪ್ಪಿದೆ. ಒಬ್ಬರದ್ದಲ್ಲ, ಇಡೀ ಬ್ಯಾಚ್‌ನದ್ದು. ವಿಚಾರಿಸಿದರೆ ಸೀನಿಯರ್‌ಗಳ ರೆಕಾರ್ಡ್‌ನಿಂದ ಬಂದದ್ದಂತೆ. ಸೀನಿಯರ್‌ಗಳಿಗೆ ಯಾರಿಂದ ಬಂತೋ! ‘ಟೆಂಪ್’ ಅಂತ ವೇರಿಯೇಬಲ್ ಇರುವ ಕಡೆ ಬೇರೆ ಹೆಸರು ಇಡಿ ಎಂದರೆ ಕೈ ನಿಂತೇ ಹೋಗುತ್ತದೆ.

ಮೇಲಿಂದ ಲ್ಯಾಬ್‌ನಲ್ಲಿ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಒಳಗೆ ಟರ್ಬೊ ಸಿ, ಅಂದರೆ ಸಿ ಭಾಷೆಯ ಹಳೇ ಕಂಪೈಲರ್. 1987ರಲ್ಲಿ ಶುರುವಾದ ಸರಕು. ಆ ನೀಲಿ ಸ್ಕ್ರೀನ್ ನೋಡಿದರೆ ನನಗೆ ಕೋಪ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಈಗಿನ ಕಾಲದ ಕಂಪೈಲರ್ ಜಿಸಿಸಿಗೆ ಬದಲಿಸೋಣವೇ? ವಾರಕ್ಕೆ ಎರಡು ದಿನ ಬಂದುಹೋಗುವವನು ಇದನ್ನೆಲ್ಲ ಕೇಳಬಹುದಾ?

ಉಡುಪಿಯ ಟೀಚರ್:

ಕೇಳಿ, ತೊಂದರೆ ಇಲ್ಲ. ಆದರೆ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಹೋಗುವ ಮೊದಲು ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಮಾತಾಡಿ. ಸಿಸ್ಟಮ್‌ಗಳ ಕೀಲಿಕೈ ಇರುವುದು ಅವರ ಕೈಯಲ್ಲಿ. ಪರೀಕ್ಷೆ ದಿನ ಹೊರಗಿನಿಂದ ಬರುವ ಎಕ್ಸ್‌ಟರ್ನಲ್ ಪರೀಕ್ಷಕರು ಟರ್ಬೊ ಸಿಯನ್ನೇ ನಿರೀಕ್ಷಿಸಿದರೆ ಒದ್ದಾಡುವುದು ಮಕ್ಕಳು. ಹಾಗಾಗಿ ಎರಡೂ ಇರಲಿ.

ನಿಮ್ಮ ಕೋಪ ಅರ್ಥ ಆಗುತ್ತದೆ ಮಾರಾಯ್ರೆ, ಆದರೆ ಆ ಹಳೇ ಸರಕಿನಿಂದಲೇ ಪಾಠ ಮಾಡಬಹುದು. ನಾನು ಮಾಡುವುದು ಹೀಗೆ. ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆವರೆಗಿನ ಗುಣಲಬ್ಧ) ಪ್ರೋಗ್ರಾಂ ಎಲ್ಲರಿಗೂ ಬಾಯಿಪಾಠ ಅಲ್ವಾ? ಟರ್ಬೊ ಸಿಯಲ್ಲಿ ಉತ್ತರವನ್ನು ‘ಇಂಟ್’ ಎಂಬ ಪೂರ್ಣಾಂಕದ ವೇರಿಯೇಬಲ್‌ನಲ್ಲೇ ಇಡಲು ಹೇಳಿ. 7 ಕೊಟ್ಟರೆ 5040, ಸರಿ. 8 ಕೊಡಿ. 40320 ಬರಬೇಕಾದ ಕಡೆ -25216 ಬರುತ್ತದೆ. ಕ್ಲಾಸಿನಲ್ಲಿ ಒಂದು ಗಲಾಟೆ ಏಳುತ್ತದೆ ನೋಡಿ! ಒಬ್ಬಳಂತೂ ಪಕ್ಕದವಳ ಕಂಪ್ಯೂಟರ್‌ನಲ್ಲಿ ಹೋಗಿ ಟೈಪ್ ಮಾಡಿದಳು, ತನ್ನದು ಕೆಟ್ಟಿದೆ ಅಂತ. ಅಲ್ಲೂ ಅದೇ.

ಆಗ ಬೋರ್ಡಿನ ಮೇಲೆ ಲೆಕ್ಕ. ಅಲ್ಲಿ ಇಂಟ್ ಎಂದರೆ 16 ಬಿಟ್, 32767ರ ಆಚೆ ಹೋಗುವ ಹಾಗಿಲ್ಲ. ಮೀರಿದರೆ ಮೈನಸ್ ಕಡೆಯಿಂದ ಸುತ್ತಿ ಬರುತ್ತದೆ; 16 ಬಿಟ್‌ನಲ್ಲಿ ಒಟ್ಟು 65536 ಸಂಖ್ಯೆಗಳು, ಹಾಗಾಗಿ 40320ರಲ್ಲಿ 65536 ಕಳೆಯಿರಿ, ಉತ್ತರ ಸಿಕ್ಕಿತು. ಅದೇ ಪ್ರೋಗ್ರಾಂ ಜಿಸಿಸಿಯಲ್ಲಿ ಹಾಕಿದರೆ ಇಂಟ್ 32 ಬಿಟ್, 12ರವರೆಗೆ ಸರಿಯಾಗಿ ಓಡುತ್ತದೆ, 13ಕ್ಕೆ ಎಡವುತ್ತದೆ. ಈ ಸಲ ಮೈನಸ್ ಕೂಡ ಬರುವುದಿಲ್ಲ, 1932053504 ಅಂತ ಒಳ್ಳೇ ಸಭ್ಯ ಸಂಖ್ಯೆ ಬರುತ್ತದೆ. ತಪ್ಪು ಎಂದು ನೋಡಿದರೆ ಗೊತ್ತೇ ಆಗುವುದಿಲ್ಲ. ನನಗೆ ಇಷ್ಟದ ಭಾಗ ಇದೇ. ಸುಮ್ನೆ ಕಂಪೈಲರ್ ಬದಲಿಸಿದ್ದರೆ ಈ ಪಾಠ ಸಿಗುತ್ತಿರಲಿಲ್ಲ.

ಲಿಂಕ್ಡ್ ಲಿಸ್ಟ್‌ಗೆ ಕಂಪ್ಯೂಟರೇ ಬೇಡ. ನಾಲ್ಕು ಮಕ್ಕಳನ್ನು ಕ್ಲಾಸಿನ ನಾಲ್ಕು ಮೂಲೆಯಲ್ಲಿ ನಿಲ್ಲಿಸಿ. ಪ್ರತಿಯೊಬ್ಬರ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಮುಂದಿನವರ ರೋಲ್ ನಂಬರ್. ಈಗ ನಡುವೆ ಒಬ್ಬರನ್ನು ಸೇರಿಸಿ. ಹಿಂದಿನವನ ಚೀಟಿಯನ್ನೇ ಮೊದಲು ಅಳಿಸಿ ಹೊಸಬನ ನಂಬರ್ ಬರೆದರೆ ಮುಂದೆ ಇದ್ದವರು ಯಾರು ಅಂತ ಯಾವ ಚೀಟಿಯಲ್ಲೂ ಇಲ್ಲ. ಮೂಲೆಯಲ್ಲಿ ನಿಂತವ ‘ಮೇಡಂ, ನಾನು ಕಳೆದುಹೋದೆ’ ಅನ್ನುತ್ತಾನೆ. ಹೊಸಬನ ಚೀಟಿ ಮೊದಲು ತುಂಬಬೇಕು ಅಂತ ನಾನು ಹೇಳುವುದೇ ಬೇಡ. ಜಗಳವೆಲ್ಲ ತುಳುವಿನಲ್ಲಿ ನಡೆಯುತ್ತದೆ, ನಡೆಯಲಿ.

ಹಳೇ ಬೆಂಚು:

ಕಾರ್ಕಳ ಕಡೆಯವ, ಈಗ ಬೆಂಗಳೂರಿನಲ್ಲಿ ಕೆಲಸ. ಬಾಯಿಪಾಠ ಮಾಡಿಯೇ ಪಾಸಾದವ. ಸರ್, ನಮ್ಮನ್ನು ಬೈಯಬೇಡಿ. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವುದು ರೆಕಾರ್ಡ್‌ನಲ್ಲಿರುವ ಪ್ರೋಗ್ರಾಂಗಳೇ, ಚೀಟಿ ಎತ್ತುವುದು, ಬರೆಯುವುದು. ಹಾಗಿರುವಾಗ ಬಾಯಿಪಾಠ ಮಾಡದವನೇ ದಡ್ಡ. ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿ ಉಂಟಲ್ಲ? ಅದರಲ್ಲಿ ಸ್ವಲ್ಪ ಭಾಗ ‘ಈ ಸಾಲು ತೆಗೆದರೆ ಎಂತ ಆಗ್ತದೆ’ ಎಂಬ ಪ್ರಶ್ನೆಗೆ ಇಡಿ. ಮಾರ್ಕ್ಸ್ ಇದ್ದ ಕಡೆ ಮಕ್ಕಳು ತಾವೇ ಬರುತ್ತಾರೆ.

ಕದ್ರಿಯವ:

ಇಬ್ಬರಿಗೂ ಥ್ಯಾಂಕ್ಸ್. -25216 ನಾಳೆಯೇ ತೋರಿಸುತ್ತೇನೆ. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯೇಬಲ್) ತಪ್ಪುಗಳಿಗೆ ಮಾತ್ರ ನನಗೆ ಜಿಸಿಸಿ ಬೇಕೇ ಬೇಕು. ಟರ್ಬೊ ಸಿಯಲ್ಲಿ ಎಲ್ಲಿಗೂ ತೋರಿಸದ ನಲ್ ಪಾಯಿಂಟರ್‌ಗೆ ಬರೆದರೂ ಪ್ರೋಗ್ರಾಂ ಏನೂ ಆಗದ ಹಾಗೆ ಓಡುತ್ತದೆ, ಹೆಚ್ಚೆಂದರೆ ಕೊನೆಗೆ ಒಂದು ಸಾಲು ಗೊಣಗುತ್ತದೆ. ಲಿನಕ್ಸ್‌ನಲ್ಲಿ ಅಲ್ಲೇ ಸೆಗ್ಮೆಂಟೇಶನ್ ಫಾಲ್ಟ್ ಅಂತ ಪ್ರೋಗ್ರಾಂ ನಿಲ್ಲುತ್ತದೆ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿದರೆ, ಫ್ರೀ ಮಾಡಿ ಬಿಟ್ಟುಕೊಟ್ಟ ಮೆಮೊರಿ ಜಾಗವನ್ನು ಯಾವ ಸಾಲಿನಲ್ಲಿ ಮತ್ತೆ ಮುಟ್ಟಿದ್ದೀರಿ ಅಂತಲೂ ಹೇಳುತ್ತದೆ.

ಇನ್ನೊಂದು, ಕೇಳಲು ಸಂಕೋಚ. ಸಂಬಳದ ಮಾತನ್ನು ಯಾರೂ ಎತ್ತುತ್ತಿಲ್ಲ.

ಉಡುಪಿಯ ಟೀಚರ್:

ಎತ್ತುವುದೂ ಇಲ್ಲ! ಗಂಟೆ ಲೆಕ್ಕದ ಪಾಠ ಆದರೆ ಮಳೆಗೆ ಡಿಸಿ ರಜೆ ಕೊಟ್ಟ ದಿನದ ಕ್ಲಾಸ್, ಇಂಟರ್ನಲ್ ಪೇಪರ್ ನೋಡಿದ ಹೊತ್ತು, ಇವು ಲೆಕ್ಕಕ್ಕೆ ಬರುತ್ತವಾ ಅಂತ ಈಗಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಪ್ರತಿ ಕ್ಲಾಸ್ ಮುಗಿದ ಕೂಡಲೇ ರಿಜಿಸ್ಟರ್‌ಗೆ ಸಹಿ ಹಾಕಿ, ಆ ಪುಟದ ಫೋಟೋ ಹೊಡೆದಿಟ್ಟುಕೊಳ್ಳಿ. ನಿಮ್ಮ ಕಂಪನಿಯ ಒಪ್ಪಿಗೆ ಪತ್ರ ತೆಗೆದುಕೊಂಡಿದ್ದೀರಿ ತಾನೇ? ಇಲ್ಲದಿದ್ದರೆ ಸೋಮವಾರ ಮೊದಲು ಆ ಕೆಲಸ ಮಾಡಿ.