ಪದವಿ ಕೈಗೆ ಬಂದ ಮೇಲೆ ಊರಿಗೆ ಏನು ಕೊಡಬೇಕು? – ಅನುಭವ ಹಂಚಿಕೆ

ಪ್ರಶ್ನೆ: ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದಲ್ಲಿ ಪದವಿ ಪಡೆಯುತ್ತಿರುವವರಲ್ಲಿ ನಾನೇ ಮೊದಲಿಗಳು. ತಂದೆಯವರು ಎಪಿಎಂಸಿಯಲ್ಲಿ ಹಮಾಲರು, ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಬ್ಯಾಂಕಿನಲ್ಲಿ ಶಿಕ್ಷಣ ಸಾಲವೂ ಇದೆ. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಎಂಟನೆಯದು ಮುಗಿಯುತ್ತಲೇ ಓದು ನಿಲ್ಲಿಸುವ ಹೆಣ್ಣುಮಕ್ಕಳಿಗಾಗಿ ಏನಾದರೂ ಮಾಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಕೆಲಸಕ್ಕೆ ಸೇರದೆ ಒಂದೆರಡು ವರ್ಷ ಊರಿನಲ್ಲೇ ಉಳಿಯಲೇ, ಅಥವಾ ಮೊದಲು ಮನೆಯನ್ನು ಒಂದು ನೆಲೆಗೆ ತರಲೇ? ಪದವಿಯ ನಂತರ ಸೇವೆಗೆ ಇಳಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವೈದ್ಯೆ, ಮೈಸೂರು

ತಂಗಿ, ಮೊದಲಿಗೆ ಒಂದು ಸತ್ಯ ಹೇಳಿಬಿಡುತ್ತೇನೆ. ನಾನು ಸ್ವಂತ ಇಚ್ಛೆಯಿಂದ ಹಳ್ಳಿಗೆ ಹೋದವಳಲ್ಲ. ವೈದ್ಯಕೀಯ ಪದವಿ ಮುಗಿಸಿದವರ ಕಡ್ಡಾಯ ಸೇವೆಗಾಗಿ 2012ರಲ್ಲಿ ಬಂದ ರಾಜ್ಯ ಕಾಯ್ದೆಯ ಪ್ರಕಾರ ನನ್ನನ್ನು ಒಂದು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಸ್ನಾತಕೋತ್ತರ ಪ್ರವೇಶಕ್ಕೆ ಓದಬೇಕಾದ ವರ್ಷ ಕೈತಪ್ಪಿತೆಂದು ಅತ್ತಿದ್ದೆ. ನಮ್ಮ ಕಾಲೇಜಿನ ಹಿರಿಯರು ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ, 1984ರಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ನೆಲೆಸಿದ ಕಥೆಯನ್ನು ಕೇಳಿಯೇ ಬೆಳೆದವಳು ನಾನು. ಆದರೂ ಆ ಧೈರ್ಯ ನನ್ನಲ್ಲಿರಲಿಲ್ಲ.

ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆಗಳನ್ನು ತಿಂಗಳು ತಿಂಗಳೂ ಕೊಡುತ್ತಿದ್ದೆ, ರಕ್ತಹೀನತೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕಾರಣ ತಿಳಿಸಿದವರು ನಮ್ಮ ಆಶಾ ಕಾರ್ಯಕರ್ತೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಮಾತ್ರೆ ನುಂಗುವುದು, ಹೊಟ್ಟೆ ತೊಳಸುವುದು, ನಾಲ್ಕನೆಯ ದಿನಕ್ಕೆ ಮಾತ್ರೆಯ ಚೀಟಿ ಗೋಡೆಯ ಗೂಡು ಸೇರುವುದು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲವೆಂದು ನಾನು ಓದಿದ್ದೆ. ಯಾರ ಮನೆಯಲ್ಲಿ ಯಾವ ಹೊತ್ತಿಗೆ ಚಹಾ ಕಾಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ರಾತ್ರಿ ಊಟವಾದ ಮೇಲೆ ನಿಂಬೆ ಹಿಂಡಿದ ನೀರಿನೊಂದಿಗೆ ನುಂಗಲು ಹೇಳಿ, ಆಕೆ ಮನೆಮನೆಗೆ ಹೋಗಿ ನೆನಪಿಸತೊಡಗಿದ ಮೇಲೆ ರಕ್ತದ ವರದಿಗಳು ಬದಲಾದವು. ನೀವು ಊರಲ್ಲೇ ಇರಿ, ಬೆಂಗಳೂರಿನಲ್ಲೇ ಇರಿ, ಅಂತಹ ಒಬ್ಬರನ್ನು ಮೊದಲು ಹುಡುಕಿಕೊಳ್ಳಿ. ಅಂಗನವಾಡಿ ಕಾರ್ಯಕರ್ತೆಯೋ, ಶಾಲೆಯ ಅಡುಗೆಯವರೋ, ಯಾವ ಹುಡುಗಿ ಏಕೆ ಶಾಲೆ ಬಿಟ್ಟಳೆಂಬುದು ಅವರಿಗೆ ತಿಳಿದಿರುತ್ತದೆ.

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಕೊಪ್ಪಳ ಜಿಲ್ಲೆಯವರು, ಈಗ ಬೆಂಗಳೂರು

ಕೆಲಸಕ್ಕೆ ಸೇರಿರಿ ತಂಗಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ, ಆದರೆ ಬಡ್ಡಿ ಅಲ್ಲಿಯವರೆಗೆ ಸುಮ್ಮನೆ ಕೂರುವುದಿಲ್ಲ. ಜೀವನವಿಡೀ ಮೂಟೆ ಹೊತ್ತ ತಂದೆಯ ಬೆನ್ನಿಗೆ ಆ ಮೂಟೆಯನ್ನೂ ಏರಿಸಬೇಡಿ. ನಮ್ಮ ಭಾಗದಲ್ಲಿ ದಾಸೋಹದ ಮಾತು ಯಾವಾಗಲೂ ಕಾಯಕದ ಬೆನ್ನಿಗೇ ಬರುತ್ತದೆ. ದುಡಿದು ತಂದದ್ದರಲ್ಲಿ ಹಂಚುವುದಕ್ಕೆ ಇರುವ ಮರ್ಯಾದೆಯನ್ನು ಅದರಲ್ಲಿ ಕಾಣುತ್ತೇನೆ.

ನಾನು ಮೊದಲ ಸಂಬಳದ ಉತ್ಸಾಹದಲ್ಲಿ ನಮ್ಮೂರ ಶಾಲೆಗೆ ನಲವತ್ತು ಬ್ಯಾಗು ಕೊಡಿಸಿದೆ. ಫೋಟೋ ತೆಗೆದರು, ಹಾರ ಹಾಕಿದರು. ಹೊರಡುವಾಗ ಮುಖ್ಯೋಪಾಧ್ಯಾಯಿನಿಯವರು ಮೆಲ್ಲನೆ ಹೇಳಿದರು: ‘ಬ್ಯಾಗು ಸರ್ಕಾರದಿಂದಲೋ ದಾನಿಗಳಿಂದಲೋ ಹೇಗೋ ಬರುತ್ತವಪ್ಪಾ, ಎನ್‌ಎಂಎಂಎಸ್ ಪರೀಕ್ಷೆಗೆ ಕೂರಿಸಿ ಹೇಳಿಕೊಡುವವರಿಲ್ಲ.’ ನನ್ನ ಮುಂದಿನ ಆರು ವರ್ಷಗಳಿಗೆ ಆ ಮಾತೇ ದಾರಿಯಾಯಿತು.

ನಿಮಗೆ ತಿಳಿದಿರಬಹುದು, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿ ಓದುತ್ತಿರುವ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗಾಗಿ ಇರುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅಂದರೆ ನೀವು ಹೇಳುವ, ಎಂಟರ ನಂತರ ಓದು ನಿಲ್ಲುವ ಜಾಗಕ್ಕೇ ಅದು ಬಂದು ನಿಲ್ಲುತ್ತದೆ. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳು. ಒಂದು ಪಾಠಗಳ ಮೇಲೆ, ಇನ್ನೊಂದು ಬೌದ್ಧಿಕ ಸಾಮರ್ಥ್ಯದ ಮೇಲೆ.

ತಿಂಗಳಿಗೆ ಎರಡು ಶನಿವಾರ ರಾತ್ರಿ ರೈಲು ಹತ್ತಿ ಭಾನುವಾರ ಪಾಠ ಮಾಡಿ ಮರಳುತ್ತಿದ್ದೆ. ಮೊದಲ ವರ್ಷ ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ. ಸಂಖ್ಯಾ ಸರಣಿ, ಸಂಕೇತ ಭಾಷೆಯಂತಹ ಪ್ರಶ್ನೆಗಳನ್ನು ಅವರು ಅದುವರೆಗೆ ಕಂಡೇ ಇರಲಿಲ್ಲ, ನಾನು ಶುರು ಮಾಡಿದ್ದೂ ತಡವಾಗಿತ್ತು. ಚೆನ್ನಾಗಿ ಓದುತ್ತಿದ್ದ ಇಬ್ಬರು ಹುಡುಗಿಯರಿಗಂತೂ ಆದಾಯ ಪ್ರಮಾಣಪತ್ರ ಸಮಯಕ್ಕೆ ಸಿಗದೆ ಅರ್ಜಿಯನ್ನೇ ಹಾಕಲಾಗಲಿಲ್ಲ. ಆ ಇಬ್ಬರ ಮುಖ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಮರುವರ್ಷದಿಂದ ಜೂನ್ ತಿಂಗಳಲ್ಲೇ ಪೋಷಕರನ್ನು ನಾಡಕಚೇರಿಗೆ ಕರೆದೊಯ್ಯುವುದು, ಹಣ ನೇರವಾಗಿ ಮಗುವಿನ ಖಾತೆಗೆ ಬರುವುದರಿಂದ ಖಾತೆ ತೆರೆಸಿ ಆಧಾರ್ ಜೋಡಿಸುವುದು, ಹೆಸರಿನ ಕಾಗುಣಿತ ಎಲ್ಲ ದಾಖಲೆಗಳಲ್ಲೂ ಒಂದೇ ಇದೆಯೇ ಎಂದು ನೋಡುವುದು, ಇವೆಲ್ಲ ಪಾಠದಷ್ಟೇ ಮುಖ್ಯವಾದವು. ಮೂರನೆಯ ವರ್ಷ ನಾಲ್ವರು ಆಯ್ಕೆಯಾದರು, ಅವರಲ್ಲಿ ಮೂವರು ಹುಡುಗಿಯರು. ಖಾತೆಗೆ ಹಣ ತರುವ ಮಗಳ ಓದು ಬಿಡಿಸುವ ಮುಂಚೆ ಮನೆಯವರು ಎರಡು ಸಲ ಯೋಚಿಸುತ್ತಾರೆ.

ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕರು, ಶಿವಮೊಗ್ಗ

ನಾನು ಹದಿನಾಲ್ಕು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಯಾಗಿದ್ದೆ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನದ ಶಿಬಿರ. ಒಂದು ಹಳ್ಳಿಯಲ್ಲಿ ನಮ್ಮ ಮಕ್ಕಳು ಏಳು ದಿನ ಬೆವರು ಸುರಿಸಿ ಚರಂಡಿ ತೋಡಿದರು. ಮರುವರ್ಷ ಪಕ್ಕದೂರಿನ ಶಿಬಿರಕ್ಕೆ ಹೋದಾಗ ನೋಡಿದರೆ ಅದು ಹೂಳು ತುಂಬಿ ನೆಲಸಮವಾಗಿತ್ತು. ಅಲ್ಲಿನ ತಾಯಿಯೊಬ್ಬರು ಹೇಳಿದರು: ‘ನೀವು ಹೋದ ಮೇಲೆ ಯಾರು ಬಳಿಯಬೇಕು ಅಂತ ಒಂದು ಮಾತು ಕೇಳಲಿಲ್ಲವಲ್ಲ ಸಾರ್.’ ಅಲ್ಲಿಂದ ಮುಂದೆ ಪ್ರತಿ ಶಿಬಿರದ ಮೊದಲ ದಿನ ಗುದ್ದಲಿ ಮುಟ್ಟುತ್ತಿರಲಿಲ್ಲ. ಮನೆಮನೆಗೆ ಹೋಗಿ ಕೇಳುವುದೇ ಆ ದಿನದ ಕೆಲಸವಾಯಿತು.

ಓದು ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಮಾತುಗಳು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿವೆ, ಘಟಿಕೋತ್ಸವಗಳಲ್ಲೂ ಅವುಗಳನ್ನು ಕೇಳುತ್ತೇವೆ. ‘ಸತ್ಯಂ ವದ, ಧರ್ಮಂ ಚರ’ ಎಲ್ಲರ ಬಾಯಲ್ಲೂ ಇದೆ. ಮುಂದಿನ ಸಾಲುಗಳತ್ತ ಗಮನ ಕಡಿಮೆ. ಶ್ರದ್ಧೆಯಿಂದ ಕೊಡು, ನಾಚಿಕೆಯಿಂದ ಕೊಡು ಎಂದು ಹೇಳಿ, ‘ಸಂವಿದಾ ದೇಯಮ್’ ಎನ್ನುತ್ತಾನೆ ಗುರು. ತಿಳಿವಿನಿಂದ ಕೊಡು ಎಂದೂ, ಸ್ನೇಹದಿಂದ ಕೊಡು ಎಂದೂ ಇದಕ್ಕೆ ಅರ್ಥ ಹೇಳುತ್ತಾರೆ. ನಮ್ಮ ಚರಂಡಿಯಲ್ಲಿ ಬೆವರಿತ್ತು, ಈ ಎರಡೂ ಇರಲಿಲ್ಲ. ಅದೇ ಉಪದೇಶದಲ್ಲಿ ‘ಭೂತ್ಯೈ ನ ಪ್ರಮದಿತವ್ಯಮ್’ ಎಂಬ ಮಾತೂ ಇದೆ ಮಗಳೇ, ನಿನ್ನ ಏಳಿಗೆಯ ವಿಷಯದಲ್ಲಿ ಎಚ್ಚರ ತಪ್ಪಬೇಡ ಎಂದು. ಸಂಬಳಕ್ಕೆ ದುಡಿಯುವುದನ್ನು ತಪ್ಪೆಂದು ಭಾವಿಸಬೇಡಿ.

ಉತ್ತರ: ಗೃಹಿಣಿ, ಸಮಾಜಕಾರ್ಯ ಪದವೀಧರೆ, ಬಳ್ಳಾರಿ

ಮೇಲಿನವರ ಮಾತಿಗೆ ನನ್ನದೊಂದು ಎಚ್ಚರಿಕೆ. ನಾನೂ ‘ನೆಲೆ ನಿಂತ ಮೇಲೆ’ ಎಂದುಕೊಂಡವಳೇ. ಸಾಲದ ನಂತರ ಮದುವೆ, ಮದುವೆಯ ನಂತರ ಮನೆ, ಆಮೇಲೆ ಮಕ್ಕಳು. ಹನ್ನೊಂದು ವರ್ಷ ಹೀಗೆಯೇ ಕಳೆಯಿತು. ಈಗ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೆರಡು ಸಂಜೆ ಮಕ್ಕಳಿಗೆ ಕಥೆ ಓದಿಸುತ್ತೇನೆ. ಇದನ್ನು ಮೊದಲ ವರ್ಷವೇ ಮಾಡಬಹುದಿತ್ತು ಎಂಬ ನೋವು ಹೋಗುವುದಿಲ್ಲ. ಕೆಲಸಕ್ಕೆ ಸೇರುವ ಮುನ್ನವೇ ಊರಿಗೆ ಬರುವ ಭಾನುವಾರ ಯಾವುದೆಂದು ಗೊತ್ತುಮಾಡಿ, ಶಾಲೆಯವರಿಗೆ ತಿಳಿಸಿಬಿಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಅಕ್ಕನವರು ಹೇಳಿದಂತೆ ನಿನ್ನೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ದೊಡ್ಡಮ್ಮನವರ ಜೊತೆ ಒಂದು ಗಂಟೆ ಕುಳಿತಿದ್ದೆ. ಹತ್ತಿ ಬಿಡಿಸುವ ಕಾಲಕ್ಕೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಐದು ಹುಡುಗಿಯರ ಹೆಸರನ್ನು ಅವರು ಒಂದೇ ಉಸಿರಿಗೆ ಹೇಳಿದರು. ಕೆಲಸಕ್ಕೆ ಸೇರುತ್ತಿದ್ದೇನೆ. ತಿಂಗಳ ಎರಡನೆಯ ಭಾನುವಾರ ಬರುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ. ಕೊಪ್ಪಳದ ಅಣ್ಣನವರೇ, ಬೌದ್ಧಿಕ ಸಾಮರ್ಥ್ಯದ ಪಾಠವನ್ನು ನೀವು ಮಕ್ಕಳಿಗೆ ಯಾವ ಬಗೆಯ ಪ್ರಶ್ನೆಗಳಿಂದ ಶುರು ಮಾಡಿಸುತ್ತೀರಿ?

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಗುಂಪಿಗೆ ಸೇರದ ಪದ ಹುಡುಕುವ ಪ್ರಶ್ನೆಗಳಿಂದ. ಜೋಳ, ಸಜ್ಜೆ, ತೊಗರಿ, ನವಣೆ ಎಂದು ಬರೆದು ಬಿಟ್ಟರೆ ಸಾಕು, ಎಲ್ಲ ಮಕ್ಕಳೂ ಕೈ ಎತ್ತುತ್ತಾರೆ. ಸಂಖ್ಯಾ ಸರಣಿಗೆ ಮೂರನೆಯ ಭಾನುವಾರದ ನಂತರ ಬನ್ನಿ.