ಸಂಡರ್ಲೆಂಡಿನ ಹಡಗು ಬಡಗಿ ಮೆಲ್ಬರ್ನಿಗೆ ಹೋದದ್ದು: ಮೂಲ ಹುಡುಕುವುದು ಹೇಗೆ?

ಪ್ರಶ್ನೆ: 1830ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬಂದರು ಊರು ಸಂಡರ್ಲೆಂಡಿನಲ್ಲಿ ಹುಟ್ಟಿ, ಹಡಗು ಕಟ್ಟುವ ಕೆಲಸ ಕಲಿತು, 1850ರ ದಶಕದಲ್ಲಿ ಮೆಲ್ಬರ್ನಿಗೆ ವಲಸೆ ಹೋದ ಒಬ್ಬರ ತಂದೆತಾಯಿ ಯಾರೆಂದು ತಿಳಿಯಬೇಕು. ಅದೇ ಹೆಸರಿನವರು ಐದಾರು ಮಂದಿ ಸಿಗುತ್ತಾರೆ. ಇಂಗ್ಲೆಂಡಿನಿಂದ ಹೊರಟವರ ಪಟ್ಟಿಯಲ್ಲಿ ಸುಳಿವಿಲ್ಲ.

ಉತ್ತರ 1: ಹೊರಟ ಕಡೆ ಹುಡುಕಿ ಫಲವಿಲ್ಲ, ಆ ಪಟ್ಟಿಗಳು ಉಳಿದಿರುವುದು ಬಹುಪಾಲು 1890ರಿಂದೀಚೆಗೆ. ತಲುಪಿದ ಕಡೆ ನೋಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರಿ ದಾಖಲೆ ಭಂಡಾರದಲ್ಲಿ ಸರ್ಕಾರದ ನೆರವಿನಿಂದ ಬಂದವರ ಪಟ್ಟಿ 1839ರಿಂದ 1871ರವರೆಗೆ ಇದೆ, ಸ್ವಂತ ಖರ್ಚಿನಲ್ಲಿ ಬಂದವರದು 1852ರಿಂದ. ಅದಕ್ಕೂ ಮೊದಲು ಮರಣಪತ್ರ ತರಿಸಿ. 1853ರ ನಂತರದ ವಿಕ್ಟೋರಿಯಾ ಮರಣಪತ್ರದಷ್ಟು ವಿವರ ಇಂಗ್ಲೆಂಡಿನದರಲ್ಲಿ ಸಿಗದು: ತಂದೆಯ ಹೆಸರು, ಕಸುಬು, ತಾಯಿಯ ತವರಿನ ಅಡ್ಡಹೆಸರು, ಹುಟ್ಟೂರು, ವಸಾಹತಿನಲ್ಲಿದ್ದ ವರ್ಷಗಳು, ಮಕ್ಕಳು. ಮಾಹಿತಿ ಕೊಟ್ಟವರು ಮಗನೋ ನೆರೆಯವರೋ ಎಂಬುದನ್ನು ತಪ್ಪದೆ ನೋಡಿ. ನೆರೆಯವರಾದರೆ ತಂದೆತಾಯಿಯ ಹೆಸರು ನಂಬುವಂತಿಲ್ಲ.

ಉತ್ತರ 2: ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಹಾಗಾಗಿ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಆಧಾರ. 1813ರಿಂದೀಚಿನ ಮುದ್ರಿತ ನಮೂನೆಯಲ್ಲಿ ತಂದೆಯ ಕಸುಬೂ ಇರುತ್ತದೆ. ಸಂಡರ್ಲೆಂಡಿನಲ್ಲಿ ಹರಿಯುವ ವೇರ್ ನದಿಯ ಉತ್ತರ ದಂಡೆಯ ಮಂಕ್‌ವೇರ್‌ಮೌತ್ ಬೇರೆಯೇ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ), ಬಿಡಬೇಡಿ. 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 24 ಇದ್ದವರು 20. ಹುಟ್ಟಿದ ಪ್ಯಾರಿಷ್ ಬೇಕಾದರೆ 1851ರದನ್ನೇ ನೋಡಬೇಕು.

ಉತ್ತರ 3: ಹೊರಡುವ ಮೊದಲೇ ಮದುವೆಯಾಗಿದ್ದರೆ ಮದುವೆಪತ್ರ ತರಿಸಿ. ಅದರಲ್ಲಿ ಇಬ್ಬರ ತಂದೆಯರ ಹೆಸರು, ಕಸುಬು ಇರುತ್ತದೆ. ಒಂದೇ ಹೆಸರಿನವರನ್ನು ಬೇರ್ಪಡಿಸಲು ಇದೇ ಒಳ್ಳೆಯ ದಾರಿ. ‘ಶಿಪ್ ಕಾರ್ಪೆಂಟರ್’ ಎಂದಿದ್ದರೆ ದಡದಲ್ಲಿ ಹಡಗು ಕಟ್ಟುವವರೂ ಆಗಬಹುದು, ಹಡಗಿನಲ್ಲೇ ದುಡಿಯುತ್ತಾ ಹೋದವರೂ ಆಗಬಹುದು. ಎರಡನೆಯವರಾದರೆ ಪ್ರಯಾಣಿಕರ ಪಟ್ಟಿಯಲ್ಲಿ ಸಿಗುವುದಿಲ್ಲ, ಸಿಬ್ಬಂದಿ ಪಟ್ಟಿ ನೋಡಿ.