ಸಹಾಯ ಬೇಕು: ಅಪ್ಪನ ಹೃದಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರದ ಹತ್ತಿರದವರು. ಅಪ್ಪನಿಗೆ 61. ಮೂರು ತಿಂಗಳ ಹಿಂದೆ ಕಾಫಿ ಕಣದಲ್ಲೇ ಎದೆನೋವು ಬಂತು. ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದು ಕೂತುಬಿಟ್ಟರು. ಹಾಸನ ಮುಟ್ಟುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಸ್ಟೆಂಟ್ ಹಾಕಿದ್ದಾರೆ. ಮೊನ್ನೆಯ ಎಕೋದಲ್ಲಿ ಇ.ಎಫ್. (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಬರೀ ಶೇ. 32. ಮನೆ ಮುಂದಿನ ಏರು ಹತ್ತಿದರೂ ಏದುಸಿರು.

ಈಗ ಪರಿಚಯದವರೊಬ್ಬರು ಒಂದು ಕ್ಲಿನಿಕ್ ಹೇಳಿದ್ದಾರೆ. ಸೊಂಟದ ಮೂಳೆಯ ಮಜ್ಜೆಯಿಂದ ಜೀವಕೋಶ ತೆಗೆದು ಹೃದಯಕ್ಕೆ ಬಿಡ್ತಾರಂತೆ, ಸತ್ತ ಸ್ನಾಯು ಮತ್ತೆ ಬೆಳೆಯುತ್ತಂತೆ. ಆರು ಲಕ್ಷ! ಅಮ್ಮ ಅರ್ಧ ಎಕರೆ ತೋಟ ಮಾರೋಕೂ ತಯಾರು.

ನಾನು ಓದಿದ್ದೇ ಬೇರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಹೃದಯಕ್ಕೆ ಇದನ್ನು ಪ್ರಯೋಗವಾಗಿ ಮಾತ್ರ ಮಾಡಬಹುದು, ರೋಗಿಯಿಂದ ದುಡ್ಡು ಕೀಳುವಂತಿಲ್ಲ. ಹೃದಯಾಘಾತ ಆದವರಿಗೆ ಇದೇ ಮಜ್ಜೆಯ ಜೀವಕೋಶ ಕೊಟ್ಟು ನೋಡಿದ ಯುರೋಪಿನ ಬಾಮಿ ಪ್ರಯೋಗಕ್ಕೆ 3,000 ರೋಗಿಗಳು ಬೇಕಿತ್ತು, ಸಿಕ್ಕಿದ್ದು 375. ಗಟ್ಟಿ ಉತ್ತರ ಸಿಗಲೇ ಇಲ್ಲ. ಹೃದಯದ ಸ್ಟೆಮ್ ಸೆಲ್ ಬಗ್ಗೆ ದೊಡ್ಡ ಸುದ್ದಿ ಮಾಡಿದ್ದ ವಿಜ್ಞಾನಿ ಪಿಯೆರೊ ಅನ್ವರ್ಸಾ ಲ್ಯಾಬಿನ 31 ಪ್ರಬಂಧಗಳನ್ನು ಹಿಂಪಡೆಯಬೇಕು ಅಂತ 2018ರಲ್ಲಿ ಅವರು ಮೊದಲಿದ್ದ ಹಾರ್ವರ್ಡೇ ಹೇಳಿತು. ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳೋದು?

ನಿಮ್ಮ ಮನೆಯಲ್ಲಿ ಯಾರಾದರೂ ಮಾಡಿಸಿದ್ದೀರಾ? ಸಿಟಿಆರ್‌ಐನಲ್ಲಿ (ದೇಶದ ವೈದ್ಯಕೀಯ ಪ್ರಯೋಗಗಳ ಸರ್ಕಾರಿ ನೋಂದಣಿ ಪಟ್ಟಿ) ನೋಂದಣಿಯಾದ, ಅಪ್ಪನಂಥವರನ್ನು ಸೇರಿಸಿಕೊಳ್ಳುವ ಪ್ರಯೋಗ ಈಗ ನಡೀತಿದೆಯಾ? ಮಾತ್ರೆ, ನಡಿಗೆಯಲ್ಲೇ ಇ.ಎಫ್. ಏರಿದವರು ಇದ್ದರೆ ಎಷ್ಟು ತಿಂಗಳು ಹಿಡಿಯಿತು ಹೇಳಿ. ಎರಡನೇ ಅಭಿಪ್ರಾಯಕ್ಕೆ ಮೈಸೂರು ಜಯದೇವಕ್ಕೆ ಹೋಗೋಣ ಅಂತಿದ್ದೀವಿ, ಹಳೇ ಆಂಜಿಯೋ ಸಿ.ಡಿ. ಒಯ್ಯಬೇಕಾ? ಬರುವ ಭಾನುವಾರದೊಳಗೆ ಆ ಕ್ಲಿನಿಕ್‌ನವರಿಗೆ ಅಡ್ವಾನ್ಸ್ ಕೊಡಬೇಕಂತೆ, ದಯವಿಟ್ಟು ಬೇಗ ತಿಳಿಸಿ.